ಎತ್ತುವ ಮೊದಲು ತೊಟ್ಟಿ ಸಿದ್ಧವಿರಲಿ

ಕೇಳುಗರಿಗೆ ನಮಸ್ಕಾರ.

ಸವಳು ಭೂಮಿಯ ಪಾಡನ್ನು ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ನೆಲ ಹಸಿಯಿರುವಾಗ ಉಪ್ಪು ಕಾಣುವುದಿಲ್ಲ. ಒಣಗಿತೋ, ಬೆಳ್ಳಗೆ ಮೇಲೇಳುತ್ತದೆ. ಹೊಲದಲ್ಲಿ ಸಿಹಿನೀರು ಕಟ್ಟಿ ನಿಲ್ಲಿಸಿ, ಬಸಿಗಾಲುವೆಯಲ್ಲಿ ಹೊರಗೆ ಕಳಿಸಿದರಷ್ಟೇ ಇಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಕಡಲಿಗೆ ಬಿದ್ದ ವಿಮಾನಗಳನ್ನು ಎತ್ತಿ ವಸ್ತುಸಂಗ್ರಹಾಲಯಕ್ಕೆ ಉಳಿಸಿಕೊಡುವವರ ದೊಡ್ಡ ಕೆಲಸವೂ ಇದೇ. ಕ್ರೇನು ಎತ್ತುವುದು ಒಂದು ದಿನದ ಮಾತು, ಉಪ್ಪು ತೊಳೆಯುವುದು ತಿಂಗಳುಗಟ್ಟಲೆಯ ಕೆಲಸ.

ವಿಮಾನದ ಮೈ ಡ್ಯುರಾಲುಮಿನ್. ಅಲ್ಯುಮಿನಿಯಂಗೆ ಶೇಕಡಾ 4ರಷ್ಟು ತಾಮ್ರ, ಜೊತೆಗೆ ಚೂರು ಮೆಗ್ನೀಸಿಯಂ, ಮ್ಯಾಂಗನೀಸ್. ಬಲ ಕೊಡುವ ತಾಮ್ರವೇ ಉಪ್ಪುನೀರಿನಲ್ಲಿ ಶತ್ರುವಾಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಅದು ಲೋಹದ ಮೇಲಿನ ರಕ್ಷಣಾಪದರವನ್ನು ಒಡೆದು ಗುಳಿ ತೋಡುತ್ತದೆ, ತಗಡು ಪದರ ಪದರವಾಗಿ ಏಳುತ್ತದೆ. ಉಕ್ಕಿನ ಬೋಲ್ಟು ತಾಗಿದ ಕಡೆ ಅಲ್ಯುಮಿನಿಯಂ ಇನ್ನೂ ಬೇಗ ಸವೆಯುತ್ತದೆ. ಮೆಗ್ನೀಸಿಯಂ ಮಿಶ್ರಲೋಹದ ಭಾಗಗಳಂತೂ ಎಷ್ಟೋ ಸಲ ಗುರುತೇ ಇಲ್ಲದಂತೆ ಕರಗಿಹೋಗಿರುತ್ತವೆ.

ತಣ್ಣನೆಯ ಸಿಹಿನೀರಿನ ಸರೋವರದಲ್ಲಿ ಬಿದ್ದವು ಚೆನ್ನಾಗಿ ಉಳಿದಿರುವುದು ಈ ಉಪ್ಪು ಅಲ್ಲಿ ಇಲ್ಲದ್ದರಿಂದಲೇ. ಅಮೆರಿಕದ ನೌಕಾದಳ ಪೈಲಟ್‌ಗಳನ್ನು ತರಬೇತುಗೊಳಿಸಿದ ಮಿಷಿಗನ್ ಸರೋವರದಲ್ಲಿ ನೂರಕ್ಕೂ ಹೆಚ್ಚು ವಿಮಾನ ಮುಳುಗಿದವು. ಪೆಸಿಫಿಕ್ ಸಾಗರದ ಮಿಡ್‌ವೇ ಕದನದಲ್ಲಿ ಹಾರಿದ್ದ ಒಂದು ಡಾಂಟ್‌ಲೆಸ್ ಬಾಂಬರ್ 1943ರಲ್ಲಿ ಅಲ್ಲಿಗೆ ಬಿತ್ತು, ಈಗ ಅಮೆರಿಕದ ಪೆನ್ಸಕೋಲಾದ ಸಂಗ್ರಹಾಲಯದಲ್ಲಿದೆ. ಸ್ಕಾಟ್ಲೆಂಡಿನ ಲಾಕ್ ನೆಸ್‌ನಿಂದ ವೆಲ್ಲಿಂಗ್ಟನ್ ಬಾಂಬರನ್ನು 1985ರಲ್ಲಿ ಎತ್ತಿದಾಗ ಮೊದಲ ಚೌಕಟ್ಟು ಭಾರ ತಾಳದೆ ಸೋತಿತು, ಇನ್ನೊಂದು ಚೌಕಟ್ಟು ಬೇಕಾಯಿತು.

ಎತ್ತುವ ಮೊದಲು ಮುಳುಗುಗಾರರು ನೋಡಬೇಕಾದದ್ದು ಬಾಂಬು, ಗುಂಡು ಉಳಿದಿವೆಯೇ ಎಂಬುದನ್ನು. ಅವನ್ನು ತೆಗೆಯುವುದು ಸೇನೆಯ ತಜ್ಞರ ಕೆಲಸ. ಮನುಷ್ಯರ ಅವಶೇಷ ಕಂಡರೆ ಕೆಲಸ ಅಲ್ಲಿಗೇ ನಿಲ್ಲಬೇಕು, ಅದು ಸಮಾಧಿ. ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಎಂಬ ವಿಕಿರಣ ವಸ್ತು ಬಳಿದ ಮಾಪಕಗಳ ಗಾಜನ್ನು ತೆರೆಯಕೂಡದು.

ಆಮೇಲೆ ಒಳಗಿನ ಹೂಳು ಹೀರಬೇಕು. ಒಂದು ಘನಮೀಟರ್ ಹಸಿ ಹೂಳು ನೀರಿನ ಹೊರಗೆ ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎತ್ತುವ ಪಟ್ಟಿ ಬಿಗಿಯುವುದು ರೆಕ್ಕೆಯ ಮುಖ್ಯ ತೊಲೆಗೆ, ಎಂಜಿನ್ ಕೂರುವ ಜಾಗಕ್ಕೆ, ತಗಡಿಗಲ್ಲ. ಗಾಳಿಚೀಲ ಬಳಸುವುದಾದರೆ ಇನ್ನೊಂದು ಅಪಾಯ. 10 ಮೀಟರ್ ಆಳದಲ್ಲಿ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಹೆಚ್ಚಾದ ಗಾಳಿಗೆ ಹೊರದಾರಿ ಇಲ್ಲದಿದ್ದರೆ ವಿಮಾನ ಕೈತಪ್ಪಿ ಮೇಲಕ್ಕೆ ನುಗ್ಗುತ್ತದೆ. ನೀರಿನ ಅಂಚು ದಾಟುವ ಗಳಿಗೆಯಂತೂ ಅತಿ ನಾಜೂಕು: ತೇಲುಬಲ ಹೋಯಿತು, ಒಳಗಿನ ನೀರು ಇನ್ನೂ ಇದೆ. ಅಲ್ಲಿ ಕ್ರೇನನ್ನು ತಡೆದು, ನೀರು ಬಸಿದ ಮೇಲಷ್ಟೇ ಎತ್ತಬೇಕು.

ಮೇಲೆ ಬಂದದ್ದು ಒಣಗುವ ಮೊದಲೇ ಉಪ್ಪು ತೊಳೆಯುವ ತೊಟ್ಟಿಯೋ ಸುರಂಗವೋ ಸಿದ್ಧವಿರಬೇಕು. ಇಂಗ್ಲೆಂಡಿನ ಗುಡ್ವಿನ್ ಸ್ಯಾಂಡ್ಸ್ ಮರಳದಿಬ್ಬದಿಂದ 2013ರ ಜೂನ್ 10ರಂದು ಎತ್ತಿದ ಜರ್ಮನ್ ಬಾಂಬರ್ ಡಾರ್ನಿಯರ್ 17ಕ್ಕೆ ಕಾಸ್ಫರ್ಡ್‌ನ ವಾಯುಪಡೆ ಸಂಗ್ರಹಾಲಯದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಸುರಂಗಗಳನ್ನೇ ಕಟ್ಟಿದ್ದರು. ಒಳಗೆ ದುರ್ಬಲ ಸಿಟ್ರಿಕ್ ಆಮ್ಲದ ದ್ರಾವಣವನ್ನು ಸಿಂಪಡಿಸುತ್ತಿದ್ದರು, ಹುಳಿ ಹೆಚ್ಚಾಗದಂತೆ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸಿ. ಕಡು ಆಮ್ಲವೂ ಕಡು ಕ್ಷಾರವೂ ಅಲ್ಯುಮಿನಿಯಂ ತಿನ್ನುತ್ತವೆ, ಆದ್ದರಿಂದ ಈ ಹದ. ಚಿಪ್ಪು, ಪಾಚಿ ಸಡಿಲವಾದಾಗ ಪ್ಲಾಸ್ಟಿಕ್ ಚೂರಿಯಿಂದ ಮೆಲ್ಲಗೆ ಎಬ್ಬಿಸಬೇಕು. ತಂತಿಬ್ರಷ್ ಬೇಡವೇ ಬೇಡ, ಅಡಿಯಲ್ಲಿ ಮೂಲ ಬಣ್ಣ, ಬರೆದ ಅಂಕಿಗಳು ಉಳಿದಿರುತ್ತವೆ. ಇಳಿದ ನೀರಿನಲ್ಲಿ ಕ್ಲೋರೈಡ್ ಎಷ್ಟೆಂದು ಆಗಾಗ ಅಳೆದು ಬರೆದಿಡಬೇಕು. ಹೊಸ ನೀರು ಬದಲಿಸಿದ ಮೇಲೂ ಅಳತೆ ಏರದೆ ನಿಂತರೆ ಒಣಗಿಸಬಹುದು, ಅದಕ್ಕೂ ಮುಂಚೆ ಬೇಡ.

ಇಷ್ಟಕ್ಕೆ ಜಾಗ, ಹಣ, ಕೈಗಳು ಇಲ್ಲದವರು ಎತ್ತಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಡದಲ್ಲಿ ಒಣಗಲು ಬಿಟ್ಟ ವಿಮಾನ, ತಳದಲ್ಲಿ 70 ವರ್ಷ ಸವೆದದ್ದಕ್ಕಿಂತ ಬೇಗ ಪುಡಿಯಾಗುತ್ತದೆ. ಅಂಥವರು ಜಾಗದ ಅಕ್ಷಾಂಶ, ರೇಖಾಂಶ ಗುರುತಿಸಿ, ಫೋಟೋ ತೆಗೆದು, ವಿಮಾನವನ್ನು ಇದ್ದಲ್ಲೇ ಬಿಡಲಿ.

ನಮಸ್ಕಾರ.