ಗೋಡೆಯಿಂದ ಎರಡು ಇಂಚು ದೂರ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಮಳೆ ನಿಮಗೆ ಗೊತ್ತೇ ಇದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ. ಆಟಿ ತಿಂಗಳಲ್ಲಿ ಹಪ್ಪಳದ ಡಬ್ಬಿಯೊಳಗೂ ತೇವ ಹೊಕ್ಕಿರುತ್ತದೆ. ಅಂಥ ಮಳೆಗೆ ಮೈಯೊಡ್ಡಿ ನಿಂತ ಹಳೇ ಮನೆಗಳು ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಇನ್ನೂ ಇವೆ. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಹಲಸಿನ ಕಂಬ, ಹೆಂಚಿನ ಮಾಡು. ಇಂಥ ಮನೆಗಳ ಒಳಗನ್ನು ಈ ಕಾಲಕ್ಕೆ ಹೊಂದಿಸಿಕೊಡುವುದು ನನ್ನ ಕಸುಬು. ಕಸುಬು ಕಲಿತದ್ದು ಮಾತ್ರ ಒಂದು ಮನೆ ಕೆಡಿಸಿ.

ಅದು ನನ್ನ ದೊಡ್ಡಮ್ಮನ ಮನೆ. ಬೆಂಗಳೂರಿನಲ್ಲಿ ಕೋರ್ಸು ಮುಗಿಸಿ ಬಂದಿದ್ದೆ, ಕೈ ತುರಿಸುತ್ತಿತ್ತು. ಚಾವಡಿಗೆ ಫಾಲ್ಸ್ ಸೀಲಿಂಗ್ ಹಾಕಿಸಿದೆ. ಗೋಡೆಗೆ ಸಿಮೆಂಟ್ ಸಾರಣೆ, ಮೇಲೆ ಪ್ಲಾಸ್ಟಿಕ್ ಪೇಂಟ್. ಕಾವಿ ನೆಲದ ಮೇಲೆ ಬೆಳ್ಳಗೆ ಹೊಳೆಯುವ ಟೈಲ್ಸ್. ನೆಂಟರೆಲ್ಲ ಹೊಗಳಿದರು. ದೊಡ್ಡಮ್ಮ ಮಾತ್ರ ತಲೆಯೆತ್ತಿ ನೋಡಿ, "ಎಂಥ ಮಾರಾಯ್ತಿ, ಮಾಡಿಗೆ ಮುಸುಕು ಹಾಕಿದ್ದಾ?" ಅಂದರು.

ಎರಡು ಮಳೆಗಾಲ ಕಳೆಯಿತು. ಪೇಂಟ್ ಗುಳ್ಳೆ ಎದ್ದು, ಒಡೆದ ಕಡೆಯೆಲ್ಲ ಬಿಳಿ ಉಪ್ಪು ಉದುರತೊಡಗಿತು. ಮೊದಲಾದರೆ ಹೆಂಚು ಸರಿದರೆ ಒಳಗಿನಿಂದಲೇ ಬೆಳಕಿನ ಚುಕ್ಕೆ ಕಾಣುತ್ತಿತ್ತು, ಕೋಲಿನಿಂದ ತಳ್ಳಿದರೆ ಮುಗಿಯಿತು. ಈಗ ಸೀಲಿಂಗ್ ಮರೆಯಲ್ಲಿ ನೀರು ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವಾಗ ಮಾಡು ಹೊರುವ ಇಳಿಜಾರಿನ ಮರಗಳಲ್ಲಿ, ಅಂದರೆ ಪಕ್ಕಾಸುಗಳಲ್ಲಿ, ಎರಡು ಗೆದ್ದಲಿನ ಪಾಲಾಗಿತ್ತು.

ತಪ್ಪಾದದ್ದು ಎಲ್ಲಿ? ಮುರಕಲ್ಲು ತೂತು ತೂತಿನ ಕಲ್ಲು, ಅಲ್ವಾ? ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ನೋಡಿ, ಇಟ್ಟಿಗೆಯ ಹಾಗೆ ಕಟ್ಟುತ್ತಾರಲ್ಲ ಎಂದು ಇಟ್ಟಿಗೆಗಿರುವ ಲ್ಯಾಟಿನ್ ಮಾತಿನಿಂದಲೇ ಲ್ಯಾಟರೈಟ್ ಎಂಬ ಹೆಸರು ಕಟ್ಟಿದ. 1807ರಲ್ಲಿ ಅಚ್ಚಾದ ಅವನ ಬರಹದಲ್ಲಿ ಅದಿದೆ. ಈ ಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಬಿಡುತ್ತದೆ. ಸುಣ್ಣದ ಸಾರಣೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟೂ ಪ್ಲಾಸ್ಟಿಕ್ ಪೇಂಟೂ ಸೇರಿದರೆ ಆ ದಾರಿ ಬಂದ್. ನೆಲದ ತೇವ ಮೇಲೆ ಬರದಂತೆ ಟೈಲ್ಸ್ ಬೇರೆ ಮುಚ್ಚಿದ್ದೆ. ಅದು ಹೋಗುವುದೆಲ್ಲಿಗೆ? ಗೋಡೆ ಹತ್ತಿತು.

ಸಿಮೆಂಟ್ ಕೆತ್ತಿಸಿದೆವು. ಮರುವಾಯಿ ಚಿಪ್ಪು ಸುಟ್ಟ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಗಾರೆ ಹದ ಮಾಡಬಲ್ಲ ಮುದಿ ಮೇಸ್ತ್ರಿಯೊಬ್ಬರು ಸಿಕ್ಕಿದರು. ಅವರದ್ದು ಒಂದೇ ಷರತ್ತು, ಅವಸರ ಮಾಡಬಾರದು. ಸುಣ್ಣ ಗಾಳಿಯನ್ನು ಎಳೆದುಕೊಂಡು ನಿಧಾನಕ್ಕೆ ಕಲ್ಲಾಗುತ್ತದೆ. ಪೇಂಟ್ ಅಂಗಡಿಯ ಡಬ್ಬಿಯ ಮೇಲೆ ಬರೆದ ನಾಲ್ಕು ಗಂಟೆಯ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಹೊಸತೇ ಬೇಡವೇ? ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಸ್ಮಾರಕವಾಗಿ ಉಳಿದಿದೆ, ಸಂತೋಷ. ಆದರೆ ಸ್ಮಾರಕದಲ್ಲಿ ಯಾರೂ ದಿನಾ ದೋಸೆ ಹೊಯ್ಯುವುದಿಲ್ಲ. ನಮ್ಮ ಮನೆಗಳಲ್ಲಿ ಫ್ರಿಜ್ ಬೇಕು, ವೈಫೈ ಬೇಕು, ಮೊಣಕಾಲು ನೋಯುವವರಿಗೆ ಕೋಣೆಯ ಹತ್ತಿರವೇ ಬಾತ್‌ರೂಮ್ ಬೇಕು. ಮತ್ತೆ, ನಾವು ಹಳತು ಎನ್ನುವ ಈ ಹೆಂಚೇ ಒಂದು ಕಾಲದ ಹೊಸತು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಅದಕ್ಕೆ ಮೊದಲು ಹೆಚ್ಚಿನ ಮನೆಗಳಿಗೆ ಹುಲ್ಲಿನ ಮಾಡು. ಆ ಹೆಂಚು ಕೂತಿರುವ ರೀತಿ ನೋಡಿ. ಮೊಳೆಯಿಲ್ಲ, ಅಂಟಿಲ್ಲ. ರೀಪು ಎನ್ನುವ ಮರದ ಪಟ್ಟಿಯ ಮೇಲೆ ಸುಮ್ನೆ ಕೊಕ್ಕೆ ಹಾಕಿಕೊಂಡು ಕೂತಿದೆ. ಬೇಡವೆಂದರೆ ಎತ್ತಿ ತೆಗೆಯಬಹುದು, ಕೆಳಗಿನ ಮರಕ್ಕೆ ಗಾಯವಿಲ್ಲ.

ಇದೇ ಬುದ್ಧಿಯನ್ನು ಇಟಲಿಯ ವೆರೋನಾದಲ್ಲಿ ಕಾರ್ಲೊ ಸ್ಕಾರ್ಪಾ ಎಂಬ ವಾಸ್ತುಶಿಲ್ಪಿ ತೋರಿಸಿದ್ದಾನೆ. ಕಾಸ್ಟೆಲ್‌ವೆಕ್ಕಿಯೊ ಎಂಬ ಹಳೇ ಕೋಟೆಯ ಮ್ಯೂಸಿಯಮ್ಮನ್ನು 1958ರಿಂದ 1964ರವರೆಗೆ ಹೊಸದಾಗಿ ಅಣಿಮಾಡಿದವನು ಅವನು. ಅಲ್ಲಿ ಅವನು ಹಾಸಿದ ನೆಲ ಹಳೇ ಗೋಡೆಯನ್ನು ಮುಟ್ಟುವುದಿಲ್ಲ. ಸ್ವಲ್ಪ ಸಂದು ಬಿಟ್ಟು ಮೊದಲೇ ನಿಲ್ಲುತ್ತದೆ. 1964ರಲ್ಲೇ, ಅಲ್ಲಿಂದ ಹೆಚ್ಚು ದೂರವಲ್ಲದ ವೆನಿಸ್ಸಿನಲ್ಲಿ ಸೇರಿದ ಪರಿಣತರು ಒಂದು ಸನ್ನದು ಬರೆದರು. ಹಳೇ ಕಟ್ಟಡದಲ್ಲಿ ಇಲ್ಲವಾದ ಭಾಗಕ್ಕೆ ಹೊಸತು ಕೂಡಿಸಿದರೆ ಅದು ಹಳತಿಗೆ ಹೊಂದಬೇಕು, ಆದರೆ ಹೊಸತೆಂದು ಗುರುತೂ ಸಿಗಬೇಕು ಎಂದು ಅದರಲ್ಲಿದೆ.

ಹಾಗಾಗಿ ನನಗೆ ತಮಿಳುನಾಡಿನ ಕಾರೈಕುಡಿಯಿಂದ ಲಾರಿಯಲ್ಲಿ ಬರುವ ಕೆತ್ತನೆ ಕಂಬಗಳನ್ನು ಕಂಡರೆ ಅಷ್ಟಕ್ಕಷ್ಟೆ. ಯಾರದೋ ಕೆಡವಿದ ಮನೆಯ ಕಂಬ, ಇಲ್ಲಿ ಹೊರಲು ಭಾರವಿಲ್ಲದೆ ಟಿವಿಯ ಅಕ್ಕಪಕ್ಕ ನಿಂತಿರುತ್ತದೆ. ಪಾಪ ಅನಿಸುತ್ತದೆ.

ದೊಡ್ಡಮ್ಮನ ಹೊಸ ಅಡುಗೆಮನೆ ಹೊಸತರಂತೆಯೇ ಕಾಣುತ್ತದೆ. ಸ್ಟೀಲಿನ ಕಾಲು, ಅದರ ಮೇಲೆ ಕಪಾಟು, ಕಟ್ಟೆ, ಸಿಂಕು. ಎಲ್ಲವೂ ಗೋಡೆಯಿಂದ ಎರಡು ಇಂಚು ದೂರ. ಆ ಸಂದಿನಲ್ಲಿ ಗಾಳಿ ಆಡುತ್ತದೆ, ನೀರಿನ ಪೈಪೂ ಅಲ್ಲೇ ಹೋಗುತ್ತದೆ. ಬಿದ್ದ ಚಮಚ ತೆಗೆಯಲು ಕಡ್ಡಿ ಬೇಕೆಂದು ದೊಡ್ಡಮ್ಮ ಬೈಯುತ್ತಾರೆ, ಅದೂ ನಿಜವೇ. ವಯರಿಂಗಿಗೆ ಗೋಡೆ ಕೊರೆಯಲಿಲ್ಲ, ತೊಲೆಯ ಬದಿಯಲ್ಲೇ ಓಡಿಸಿದೆವು. ದೀಪಗಳು ಗೋಡೆಯ ನೆತ್ತಿಯಲ್ಲಿ ಕೂತು ಮಾಡಿನ ಕಡೆಗೆ ಮುಖ ಮಾಡಿವೆ. ಕತ್ತಲಿದ್ದ ಮೂಲೆಗೆ ನಾಲ್ಕು ಗಾಜಿನ ಹೆಂಚು. ಬಾತ್‌ರೂಮನ್ನು ಮನೆಯ ನಡುವೆ ತುರುಕದೆ, ಹಿಂದಿನ ಬಚ್ಚಲುಕೊಟ್ಟಿಗೆ ಇದ್ದಲ್ಲೇ ಕಟ್ಟಿ, ಮಳೆಗೆ ನೆನೆಯದ ಹಾಗೆ ಸಣ್ಣ ಓಣಿಯಿಂದ ಮಲಗುವ ಕೋಣೆಗೆ ಸೇರಿಸಿದೆವು.

ಸೀಲಿಂಗ್ ತೆಗೆಸಿದ ಮೊದಲ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ದೊಡ್ಡಮ್ಮನ ಫೋನ್ ಬಂತು. "ಚಾವಡಿಯಲ್ಲಿ ಬೆಳಕಿನ ಚುಕ್ಕೆ ಕಾಣ್ತದೆ. ಆ ಉದ್ದದ ಕೋಲು ಎಲ್ಲಿಟ್ಟಿದ್ದೀ?"