ಕಟರ್ ಯಾವ ದಾರಿ ಹಿಡಿಯಬೇಕು?

ಕೇಳುಗ ಮಿತ್ರರೇ, ನಮಸ್ಕಾರ.

ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಸಿಎನ್‌ಸಿ ಮಿಲ್ಲಿಂಗ್, ಅಂದರೆ ಕಂಪ್ಯೂಟರ್ ಹೇಳಿದಂತೆ ತಿರುಗುವ ಕಟರಿನಿಂದ ಕೊರೆಯುವ ಕೆಲಸ, ಇರುವ ಶೆಡ್ಡಿಗೆ ಹೋದರೆ ಕಣ್ಣು ಮೊದಲು ಹೋಗುವುದು ಮಷೀನಿನ ಕಡೆಗೆ. ಕೂಲೆಂಟ್ ಚಿಮ್ಮುತ್ತಿರುತ್ತದೆ, ಕಟರ್ ಅಲ್ಯುಮಿನಿಯಂ ಕೊರೆಯುತ್ತಿರುತ್ತದೆ, ಆಪರೇಟರ್ ಪಕ್ಕದಲ್ಲಿ ನಿಂತಿರುತ್ತಾರೆ. ಆ ಕಟರ್ ಎಲ್ಲಿ ಇಳಿಯಬೇಕು, ಎಷ್ಟು ಕಚ್ಚಬೇಕು, ಮೂಲೆಯಲ್ಲಿ ಹೇಗೆ ತಿರುಗಬೇಕು, ಎಲ್ಲಿ ಮೇಲೇಳಬೇಕು ಎಂಬುದೆಲ್ಲ ಅದಕ್ಕೂ ಮುಂಚೆ ಕಂಪ್ಯೂಟರಿನ ಮುಂದೆ ತೀರ್ಮಾನವಾಗಿರುತ್ತದೆ. ಆ ತೀರ್ಮಾನಕ್ಕೆ ಬಳಸುವುದು ಕ್ಯಾಮ್ ಸಾಫ್ಟ್‌ವೇರ್. ಐಟಿಐ, ಡಿಪ್ಲೊಮಾ ಓದುತ್ತಿರುವವರು, ಸಣ್ಣ ವರ್ಕ್‌ಶಾಪ್ ನಡೆಸುವವರು, ಮರಗೆಲಸಕ್ಕೆ ರೂಟರ್ ಎಂಬ ಮರ ಕೊರೆಯುವ ಮಷೀನ್ ಕೊಂಡವರು ನನ್ನ ಮಾತು ಕೇಳುತ್ತಿದ್ದೀರೆಂದು ಭಾವಿಸಿ ಮಾತಾಡುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. ಅಮೆರಿಕದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರ್ ರೆಕ್ಕೆಗಳನ್ನು ತಯಾರಿಸುತ್ತಿದ್ದವರು. ಆ ವಕ್ರರೇಖೆಗಳನ್ನು ಅಂಕಿಗಳಲ್ಲಿ ಹೇಳಿ ಮಷೀನಿನಿಂದಲೇ ಕೊರೆಸಬಹುದು ಎಂದು ಅವರು ಹೊರಟಿದ್ದರಿಂದ ಅಲ್ಲಿನ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಈ ಕೆಲಸ ಶುರುವಾಯಿತು. 1952ರಲ್ಲಿ ಅಲ್ಲಿ ರಂಧ್ರ ಕೊರೆದ ಟೇಪಿನಿಂದ ನಡೆಯುವ ಮಿಲ್ಲಿಂಗ್ ಮಷೀನನ್ನು ಜನರ ಮುಂದೆ ಓಡಿಸಿ ತೋರಿಸಿದರು. ಮಷೀನ್ ಸಿದ್ಧವಾಯಿತು, ಆದರೆ ಟೇಪಿಗೆ ಬೇಕಾದ ಲೆಕ್ಕ ಮಾಡುವುದೇ ದೊಡ್ಡ ಹೊರೆಯಾಯಿತು. ಅದಕ್ಕಾಗಿ ಡಗ್ಲಸ್ ರಾಸ್ ಮತ್ತು ಅವರ ತಂಡ ಎಪಿಟಿ ಎಂಬ ಭಾಷೆ ಕಟ್ಟಿತು. 1959ರಲ್ಲಿ ಅದನ್ನು ಪತ್ರಕರ್ತರ ಮುಂದಿಟ್ಟಾಗ, ಆ ಭಾಷೆಯಲ್ಲಿ ಬರೆದ ಪ್ರೋಗ್ರಾಂನಿಂದ ಕೊರೆದ ಅಲ್ಯುಮಿನಿಯಂ ಆಶ್‌ಟ್ರೇಗಳನ್ನು ನೆನಪಿಗೆಂದು ಕೊಟ್ಟಿದ್ದರು. ಕಟರ್ ಸಾಗುವ ದಾರಿಯನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಅದನ್ನು ಒಂದೊಂದು ಮಷೀನಿಗೆ ತಕ್ಕಂತೆ ಬರೆದುಕೊಡುವ ಎರಡು ಹಂತದ ಪದ್ಧತಿಯೂ ಎಪಿಟಿಯದೇ. ಇವತ್ತಿನ ಕ್ಯಾಮ್ ಸಾಫ್ಟ್‌ವೇರುಗಳಾದ ಮಾಸ್ಟರ್‌ಕ್ಯಾಮ್, ಫ್ಯೂಷನ್, ಫ್ರೀಕ್ಯಾಡ್ ಎಲ್ಲವೂ ಹೀಗೇ ನಡೆಯುತ್ತವೆ.

ಈಗ ಒಂದು ಜಾಬ್ ತೆಗೆದುಕೊಳ್ಳೋಣ. 100 ಮಿಲಿಮೀಟರ್ ಉದ್ದ, 60 ಅಗಲ, 20 ದಪ್ಪದ ಅಲ್ಯುಮಿನಿಯಂ ಪ್ಲೇಟು. ನಡುವೆ 12 ಮಿಲಿಮೀಟರ್ ಆಳದ ಆಯತಾಕಾರದ ಪಾಕೆಟ್, ಅಂದರೆ ಗುಳಿ ಬೇಕು. ಡ್ರಾಯಿಂಗ್ ಬಂತು, ಮಾಡೆಲ್ ಸಿದ್ಧವಾಯಿತು. ಹೊಸಬರು ಇಲ್ಲಿ ನೇರವಾಗಿ ಪಾಕೆಟ್ ಎಂಬ ಆಪರೇಷನ್ ಒತ್ತಿಬಿಡುತ್ತಾರೆ. ನಾನು ಹೇಳುವುದು, ಮೌಸ್ ಮುಟ್ಟುವ ಮೊದಲು ಈ ಪ್ಲೇಟನ್ನು ಹಿಡಿಯುವುದು ಹೇಗೆ ಎಂದು ಯೋಚಿಸಿ. ವೈಸಿನಲ್ಲಿ, ಅಂದರೆ ಜಾಬ್ ಹಿಡಿಯುವ ಇಕ್ಕಳದಲ್ಲಿ, ಎಷ್ಟು ಆಳಕ್ಕೆ ಕಚ್ಚಿಸುತ್ತೀರಿ? ಅಳತೆ ಶುರುವಾಗುವ ಜೀರೋ ಎಲ್ಲಿ ತೆಗೆದುಕೊಳ್ಳುತ್ತೀರಿ? ಕ್ಯಾಮಿನಲ್ಲಿ ನೀವು ಇಡುವ ಮೂಲಬಿಂದುವೂ ಆಪರೇಟರ್ ಮಷೀನಿನಲ್ಲಿ ಜಿ 54 ಎಂಬ ಜೀರೋ ಸ್ಥಾನಕ್ಕೆ ಸೆಟ್ ಮಾಡುವ ಬಿಂದುವೂ ಒಂದೇ ಆಗಿರಬೇಕು. ವೈಸಿನ ಸ್ಥಿರವಾದ ದವಡೆಯ ಕಡೆಯ ಮೂಲೆಯನ್ನು ಹಿಡಿದರೆ, ಮುಂದಿನ ಪ್ಲೇಟಿನ ಅಗಲ ಕೂದಲಷ್ಟು ಹೆಚ್ಚುಕಮ್ಮಿಯಾದರೂ ಆ ಅಂಚು ಅಲ್ಲೇ ಇರುತ್ತದೆ. ಚಲಿಸುವ ದವಡೆಯ ಕಡೆ ಹಿಡಿದರೆ ಪ್ರತಿ ಪ್ಲೇಟಿಗೂ ಜೀರೋ ಜಾರುತ್ತದೆ.

ಆಮೇಲೆ ಕಟರ್. ಒಳಮೂಲೆಗಳ ತ್ರಿಜ್ಯ ಡ್ರಾಯಿಂಗಿನಲ್ಲಿ 3 ಮಿಲಿಮೀಟರ್ ಎಂದಿದ್ದರೆ 6 ಮಿಲಿಮೀಟರಿಗಿಂತ ದಪ್ಪದ ಕಟರ್ ಆ ಮೂಲೆಗೆ ಹೋಗದು. ಸರಿಯಾಗಿ 6ನ್ನೇ ಹಾಕಿದರೆ ಕಟರ್ ಮೂಲೆಯಲ್ಲಿ ಒಂದು ಕ್ಷಣ ನಿಂತಂತಾಗಿ ಗೀರು ಬೀಳುತ್ತದೆ. 5ರದು ಹಾಕಿದರೆ ಮೂಲೆಯನ್ನು ಸುತ್ತಿಕೊಂಡು ನಯವಾಗಿ ಹೋಗುತ್ತದೆ. ಹಾಗೆಂದು ಇಡೀ ಪಾಕೆಟನ್ನು 5ರಲ್ಲೇ ಕೊರೆಯುತ್ತಾ ಕೂರಬೇಕಿಲ್ಲ. 10 ಮಿಲಿಮೀಟರ್ ಎಂಡ್ ಮಿಲ್ ಕಟರಿನಲ್ಲಿ ರಫಿಂಗ್, ಅಂದರೆ ಮೊದಲ ಒರಟು ಕೊರೆತ ಮಾಡಿ, ಗೋಡೆಗೆ ತುಸು ಮಾಲು ಬಿಟ್ಟು, ಸಣ್ಣ ಕಟರಿನಲ್ಲಿ ಫಿನಿಶ್ ಮಾಡಬಹುದು. ಆದರೆ 10ರ ಕಟರ್ ಮೂಲೆಯಲ್ಲಿ ಬಿಟ್ಟುಹೋದ ಮಾಲು ಗೋಡೆಯಲ್ಲಿ ಇರುವುದಕ್ಕಿಂತ ಹೆಚ್ಚು. ಮೊದಲು ಆ ಮೂಲೆಗಳನ್ನಷ್ಟೇ ತೆಗೆಯಲು ಇನ್ನೊಂದು ಆಪರೇಷನ್ ಹಾಕಿದರೆ ಸಣ್ಣ ಕಟರ್ ಬದುಕುತ್ತದೆ.

ಅಂಕಿಗಳನ್ನೂ ಹೇಳಿಬಿಡುತ್ತೇನೆ, ಬರೆದುಕೊಳ್ಳಿ. ಕಾರ್ಬೈಡ್ ಕಟರಿಗೆ ಅಲ್ಯುಮಿನಿಯಂನಲ್ಲಿ ನಿಮಿಷಕ್ಕೆ 200 ಮೀಟರ್ ಕಟಿಂಗ್ ಸ್ಪೀಡ್, ಅಂದರೆ ಹಲ್ಲಿನ ಅಂಚಿನ ವೇಗ, ಇಟ್ಟುಕೊಳ್ಳೋಣ. 200ನ್ನು 1000ದಿಂದ ಗುಣಿಸಿ, ಪೈ ಮತ್ತು ಕಟರ್ ವ್ಯಾಸ 10ರ ಗುಣಲಬ್ಧದಿಂದ ಭಾಗಿಸಿದರೆ ಹತ್ತಿರ ಹತ್ತಿರ 6400 ಆರ್‌ಪಿಎಂ ಬರುತ್ತದೆ. ಕಟರಿಗೆ 3 ಹಲ್ಲು, ಒಂದೊಂದು ಹಲ್ಲಿಗೆ 0.05 ಮಿಲಿಮೀಟರ್ ಕಚ್ಚು ಎಂದರೆ ಫೀಡು, ಅಂದರೆ ಕಟರ್ ಮುಂದೆ ಸಾಗುವ ವೇಗ, ನಿಮಿಷಕ್ಕೆ 960 ಮಿಲಿಮೀಟರ್. ಈ ಎರಡು ಲೆಕ್ಕ ಬಾಯಿಗೆ ಬರುವಂತಿದ್ದರೆ ಸಾಫ್ಟ್‌ವೇರ್ ತಾನಾಗಿ ತುಂಬಿಕೊಡುವ ಅಂಕಿ ಸರಿಯೋ ತಪ್ಪೋ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇನ್ನು ದಾರಿಯ ಮಾತು. ಇದು ನನಗೆ ತುಂಬಾ ಮುಖ್ಯವಾದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಪಾಕೆಟ್ ದಾರಿ ಗೋಡೆಗೆ ಸಮಾನಾಂತರವಾಗಿ ಸುತ್ತು ಹಾಕುತ್ತದೆ. ಕಟರಿನ ಅರ್ಧ ಅಗಲ ಲೋಹದೊಳಗಿದ್ದಾಗ ಅದರ ಸುತ್ತಳತೆಯ ಕಾಲು ಭಾಗ, ಅಂದರೆ 90 ಡಿಗ್ರಿ ಮಾತ್ರ ಕೊರೆಯುತ್ತಿರುತ್ತದೆ. ಚೂಪಾದ ಒಳಮೂಲೆಗೆ ಬಂದ ಕೂಡಲೇ ಅದು 180 ಡಿಗ್ರಿಯವರೆಗೂ ಏರುತ್ತದೆ. ಮೂಲೆಯಲ್ಲಿ ಕಟರ್ ಕಿರುಚುವುದನ್ನು ಕೇಳಿದ್ದೀರಲ್ಲ, ಕಾರಣ ಇದೇ. ಆ ಒಂದು ಮೂಲೆಗೆ ಹೆದರಿ ಜನ ಇಡೀ ಪ್ರೋಗ್ರಾಂನ ಫೀಡು ಇಳಿಸುತ್ತಾರೆ, ಆಳ ಕಡಿಮೆ ಮಾಡುತ್ತಾರೆ. ಆಗ ಕಟರಿನ ತುದಿಯ 2 ಮಿಲಿಮೀಟರ್ ಮಾತ್ರ ಸವೆದು, ಮೇಲಿನ ಉದ್ದವೆಲ್ಲ ಹೊಸದರಂತೆ ಉಳಿಯುತ್ತದೆ.

ಫ್ಯೂಷನ್‌ನಲ್ಲೂ ಫ್ರೀಕ್ಯಾಡ್‌ನಲ್ಲೂ ಅಡಾಪ್ಟಿವ್ ಎಂದು, ಮಾಸ್ಟರ್‌ಕ್ಯಾಮ್‌ನಲ್ಲಿ ಡೈನಮಿಕ್ ಎಂದು ಕರೆಯುವ ದಾರಿ ಇದಕ್ಕೆ ಪರಿಹಾರ. ಕಟರ್ ಪಕ್ಕದಿಂದ ಎಷ್ಟು ಅಗಲ ಕಚ್ಚಬೇಕೆಂದು ನೀವು ಹೇಳುತ್ತೀರಿ, ಉದಾಹರಣೆಗೆ ವ್ಯಾಸದ ನೂರಕ್ಕೆ 10ರಿಂದ 15. ಆ ಕಚ್ಚು ಎಲ್ಲಿಯೂ ಮೀರದಂತೆ ದಾರಿ ಬಳಸಿ ಬಳಸಿ ಹೋಗುತ್ತದೆ, ಮೂಲೆಯನ್ನು ಒಂದೇ ಏಟಿಗೆ ನುಗ್ಗದೆ ಸಣ್ಣ ಸಣ್ಣ ಕಮಾನುಗಳಲ್ಲಿ ತಿನ್ನುತ್ತದೆ. ನಮ್ಮ ಪಾಕೆಟಿನ 12 ಮಿಲಿಮೀಟರ್ ಆಳವನ್ನೂ ಒಂದೇ ಸಲಕ್ಕೆ ತೆಗೆಯಬಹುದು. ಸವೆತ ಹಲ್ಲಿನ ಉದ್ದಕ್ಕೂ ಹಂಚಿಕೊಳ್ಳುತ್ತದೆ. ಪಕ್ಕದ ಕಚ್ಚು ಇಷ್ಟು ತೆಳುವಾದಾಗ ಚಿಪ್ ಲೆಕ್ಕಕ್ಕಿಂತ ತೆಳ್ಳಗಾಗುವುದರಿಂದ ಫೀಡು ಏರಿಸಲೇಬೇಕು, ಇಲ್ಲದಿದ್ದರೆ ಹಲ್ಲು ಕೊರೆಯದೆ ಉಜ್ಜುತ್ತದೆ. ಪರದೆಯ ಮೇಲೆ ಈ ದಾರಿ ಉದ್ದವಾಗಿ, ಸುತ್ತುಬಳಸಾಗಿ ಕಾಣುತ್ತದೆ. ಹಾಗೆಂದು ಬಿಡಬೇಡಿ, ಗಡಿಯಾರ ಇಟ್ಟು ನೋಡಿ.

ಕಟರ್ ಲೋಹಕ್ಕೆ ಇಳಿಯುವುದನ್ನೂ ಗಮನಿಸಿ. ನಡುವೆ ಕೊರೆಯುವ ಹಲ್ಲಿಲ್ಲದ ಎಂಡ್ ಮಿಲ್ಲನ್ನು ನೆಟ್ಟಗೆ ಕೆಳಗೆ ನುಗ್ಗಿಸಿದರೆ ಅದು ಮುರಿಯುತ್ತದೆ. ಸುರುಳಿಯಾಗಿ ಅಥವಾ ಇಳಿಜಾರಿನಲ್ಲಿ ಇಳಿಸಿ. ತಳದಲ್ಲಿ ಚಿಪ್ ಉಳಿಯದಂತೆ ಗಾಳಿ ಅಥವಾ ಕೂಲೆಂಟ್ ಬಿಡಿ. ಅಲ್ಯುಮಿನಿಯಂ ಚಿಪ್ಪನ್ನು ಮತ್ತೆ ಮತ್ತೆ ಕೊರೆದರೆ ಅದು ಹಲ್ಲಿಗೆ ಅಂಟಿಕೊಂಡು, ಆ ಕಟರ್ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಮರಗೆಲಸದ ರೂಟರಿಗೆ ಬರೋಣ. ದೇವರ ಮನೆಯ ಬಾಗಿಲು, ಜಾಲರಿ, ಅಡುಗೆಮನೆಯ ಕಪಾಟುಗಳಿಗೆ ನಮ್ಮ ಸಣ್ಣ ಊರುಗಳಲ್ಲೂ ರೂಟರ್ ಬಂದಿದೆ. ಇಲ್ಲಿ ಹೆಚ್ಚಾಗಿ ಕಾಣುವುದು ನಿಧಾನವೇ ಕ್ಷೇಮ ಎಂಬ ನಂಬಿಕೆ. 6 ಮಿಲಿಮೀಟರಿನ 2 ಹಲ್ಲಿನ ಬಿಟ್ಟನ್ನು, ಅಂದರೆ ರೂಟರಿನ ಕಟರನ್ನು, 18000 ಆರ್‌ಪಿಎಂನಲ್ಲಿ ತಿರುಗಿಸುತ್ತಾ, ಫೀಡನ್ನು ನಿಮಿಷಕ್ಕೆ 1000ಕ್ಕೆ ಇಡುತ್ತಾರೆ. ಒಂದೊಂದು ಹಲ್ಲಿಗೆ ಸಿಗುವುದು 0.03 ಮಿಲಿಮೀಟರಿಗೂ ಕಡಿಮೆ. ಚಕ್ಕೆ ಹಾರಬೇಕಾದಲ್ಲಿ ಹಿಟ್ಟಿನಂಥ ಪುಡಿ ಬರುತ್ತದೆ, ಶಾಖವನ್ನು ಹೊತ್ತೊಯ್ಯಲು ಚಕ್ಕೆಯೇ ಇಲ್ಲದೆ ಬಿಟ್ ಕಾದು ಕಪ್ಪಾಗುತ್ತದೆ, ಮರದ ಅಂಚು ಸುಟ್ಟ ವಾಸನೆ ಹೊಡೆಯುತ್ತದೆ. ಹಲ್ಲಿಗೆ 0.15 ಸಿಗಬೇಕಾದರೆ ಫೀಡು 5400 ಆಗಬೇಕು. ಮಷೀನಿನ ಚೌಕಟ್ಟು ಅಷ್ಟು ವೇಗ ತಡೆಯದಿದ್ದರೆ ಆರ್‌ಪಿಎಂ ಇಳಿಸಿ, ಇಲ್ಲವೇ ಒಂದೇ ಹಲ್ಲಿನ ಬಿಟ್ ಹಾಕಿ.

ಪ್ಲೈವುಡ್ಡಿಗೆ ಕಂಪ್ರೆಷನ್ ಬಿಟ್ ಕೊಳ್ಳುವವರಿಗೆ ಒಂದು ಮಾತು. ಅದರ ತುದಿಯ ಭಾಗ ಚಕ್ಕೆಯನ್ನು ಮೇಲಕ್ಕೆ ಎಳೆಯುತ್ತದೆ, ಮೇಲಿನ ಭಾಗ ಕೆಳಕ್ಕೆ ಒತ್ತುತ್ತದೆ. ಹಾಗಾಗಿ ಎರಡು ಮೈಯ ಲ್ಯಾಮಿನೇಟೂ ಕಿತ್ತುಬರದೆ ಉಳಿಯುತ್ತದೆ. ಆದರೆ ಕ್ಯಾಮಿನಲ್ಲಿ ಆಳವನ್ನು 3 ಮಿಲಿಮೀಟರಿನ ತೆಳು ಪದರಗಳಾಗಿ ಹಂಚಿಬಿಟ್ಟರೆ ಮೊದಲ ಪದರದಲ್ಲಿ ಕೆಲಸ ಮಾಡುವುದು ಮೇಲಕ್ಕೆ ಎಳೆಯುವ ತುದಿ ಮಾತ್ರ. ದುಬಾರಿ ಬಿಟ್ ಹಾಕಿಯೂ ಅಂಚು ಕಿತ್ತುಬರುತ್ತದೆ. ಮೊದಲ ಇಳಿತವೇ ಆ ತುದಿಭಾಗಕ್ಕಿಂತ ಆಳವಾಗಿರಬೇಕು. ಹಾಗೆಯೇ, 18 ಮಿಲಿಮೀಟರ್ ಎಂದು ಕೊಂಡ ಪ್ಲೈವುಡ್ ಎಲ್ಲ ಕಡೆ 18 ಇರುವುದಿಲ್ಲ. ಆರಪಾರ ಕತ್ತರಿಸುವುದಿದ್ದರೆ ಎತ್ತರ ಅಳೆಯುವ ಝಡ್ ಜೀರೋವನ್ನು ಮೇಜಿನ ಮೇಲ್ಮೈಯಿಂದ ಹಿಡಿಯಿರಿ. ಮೇಲ್ಮೈಯ ಕೆತ್ತನೆಯಾದರೆ ಮರದ ಮೇಲಿಂದ ಹಿಡಿಯಿರಿ.

ಕೆತ್ತನೆಗೆ ದುಂಡು ತುದಿಯ ಬಾಲ್ ನೋಸ್ ಬಿಟ್ ಬಳಸುವಾಗ ಎರಡು ಗೆರೆಗಳ ನಡುವೆ ಸಣ್ಣ ಏಣು ಉಳಿಯುತ್ತದೆ. 6 ಮಿಲಿಮೀಟರ್ ಬಿಟ್, ಗೆರೆಯಿಂದ ಗೆರೆಗೆ 0.6 ಮಿಲಿಮೀಟರ್ ಎಂದರೆ ಏಣಿನ ಎತ್ತರ 0.015. ಅಂತರವನ್ನು 0.3ಕ್ಕೆ ಇಳಿಸಿದರೆ ಏಣು ನಾಲ್ಕನೇ ಒಂದಾಗುತ್ತದೆ, ಮಷೀನ್ ಓಡುವ ಹೊತ್ತು ಎರಡರಷ್ಟಾಗುತ್ತದೆ. ಹೇಗೂ ಉಪ್ಪುಕಾಗದ ಹೊಡೆದು ಪಾಲಿಶ್ ಮಾಡುವ ತೇಗದ ಬಾಗಿಲಿಗೆ ಆ ಹೆಚ್ಚಿನ ಗಂಟೆಗಳು ಬೇಕೇ ಎಂದು ಕೇಳಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಬೇಡ.

ದಾರಿ ಸಿದ್ಧವಾದ ಮೇಲೆ ಕ್ಯಾಮಿನ ಪೋಸ್ಟ್ ಪ್ರೊಸೆಸರ್ ಎಂಬ ಭಾಗ ಅದನ್ನು ಮಷೀನ್ ಓದುವ ಜಿ ಕೋಡ್ ಆಗಿ ಬರೆಯುತ್ತದೆ. ನಿಮ್ಮ ಕಂಟ್ರೋಲರಿನ ಪೋಸ್ಟನ್ನೇ ಆರಿಸಿ. ಫ್ಯಾನಕ್ ಕಂಟ್ರೋಲರಿಗೆ ಬರೆದ ಜಿ 81 ಡ್ರಿಲ್ಲಿಂಗ್ ಸೈಕಲ್ ಸಣ್ಣ ರೂಟರುಗಳನ್ನು ನಡೆಸುವ ಜಿಆರ್‌ಬಿಎಲ್‌ಗೆ ಗೊತ್ತಿಲ್ಲ. ಕೆಲವು ಫ್ಯಾನಕ್ ಮಷೀನುಗಳಲ್ಲಿ ಸೆಟ್ಟಿಂಗ್ ಪ್ರಕಾರ ಎಕ್ಸ್ 10 ಎಂದು ಚುಕ್ಕೆ ಇಲ್ಲದೆ ಬರೆದರೆ 10 ಮಿಲಿಮೀಟರ್ ಹೋಗದೆ 10 ಮೈಕ್ರಾನ್ ಹೋಗುತ್ತದೆ. ಆದ್ದರಿಂದ ಕೋಡಿನ ಮೊದಲ ಇಪ್ಪತ್ತು ಸಾಲನ್ನಾದರೂ ಕಣ್ಣಾರೆ ಓದಿ. ಪರದೆಯ ಸಿಮ್ಯುಲೇಷನ್ ಹಸಿರು ತೋರಿಸಿತೆಂದು ನಂಬಿ ಕೂರಬೇಡಿ. ನೀವು ಮಾಡೆಲ್ ಮಾಡದ ಕ್ಲ್ಯಾಂಪು ಅದಕ್ಕೆ ಕಾಣುವುದಿಲ್ಲ.

ಕಲಿಯಲು ದುಬಾರಿ ಲೈಸೆನ್ಸ್ ಬೇಕಾಗಿಲ್ಲ. ಫ್ರೀಕ್ಯಾಡ್ ಉಚಿತ, ಅದರಲ್ಲೇ ಕ್ಯಾಮ್ ಇದೆ. ಮಷೀನಿನ ಮುಂದೆ ನಿಂತು ಕಲಿಯಬೇಕೆನ್ನುವವರಿಗೆ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ನಮ್ಮ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಈಗ ರಾಜ್ಯದ ಅನೇಕ ಊರುಗಳಲ್ಲಿದೆ. ಮಕ್ಕಳನ್ನು ಅಲ್ಲಿಗೆ ಕಳಿಸಿ ಎಂದು ತಂದೆತಾಯಿಗಳಿಗೂ ಹೇಳುತ್ತೇನೆ.

ಮೊದಲ ಜಾಬ್ ಓಡಿಸುವಾಗ ಒಂದೊಂದೇ ಸಾಲು ಓಡಿಸುವ ಸಿಂಗಲ್ ಬ್ಲಾಕ್ ಹಾಕಿ, ಕೊರೆಯದೆ ಸಾಗುವಾಗಿನ ವೇಗವಾದ ರ‍್ಯಾಪಿಡ್ಡನ್ನು ನೂರಕ್ಕೆ 25ಕ್ಕೆ ಇಳಿಸಿ, ಒಂದು ಕೈ ಕಟರಿನ ಓಟ ನಿಲ್ಲಿಸುವ ಫೀಡ್ ಹೋಲ್ಡ್ ಗುಂಡಿಯ ಮೇಲಿರಲಿ. ಕಟರ್ ಜಾಬಿನ ಮೇಲೆ ಕೆಲವು ಮಿಲಿಮೀಟರ್ ದೂರಕ್ಕೆ ಬಂದಾಗ ನಿಲ್ಲಿಸಿ, ಪರದೆಯಲ್ಲಿ ಇನ್ನೆಷ್ಟು ದೂರ ಹೋಗಲಿಕ್ಕಿದೆ ಎಂಬ ಅಂಕಿ ನೋಡಿ. ಕಣ್ಣಿಗೆ ಕಾಣುವ ದೂರ 5, ಪರದೆಯಲ್ಲಿ 40 ಎಂದಿದ್ದರೆ ಕಟರಿನ ಉದ್ದ ಹೇಳುವ ಟೂಲ್ ಲೆಂಗ್ತ್ ಆಫ್‌ಸೆಟ್ಟೋ ಜೀರೋವೋ ತಪ್ಪಿದೆ. ಸರಿಪಡಿಸಿ ಓಡಿಸಿ. ಜಾಬ್ ಚೆನ್ನಾಗಿ ಬಂದರೆ ಆ ಸ್ಪೀಡು, ಫೀಡು, ಕಚ್ಚು, ಕಟರ್ ಹೋಲ್ಡರಿನಿಂದ ಎಷ್ಟು ಹೊರಗಿತ್ತು ಎಂಬುದನ್ನು ಅವತ್ತೇ ಕ್ಯಾಮಿನ ಟೂಲ್ ಲೈಬ್ರರಿಯಲ್ಲಿ ಬರೆದಿಡಿ. ಮುಂದಿನ ಪ್ಲೇಟಿಗೆ ಅಲ್ಲಿಂದಲೇ ಶುರು ಮಾಡಬಹುದು.

ನಮಸ್ಕಾರ.