ಬತಾವಿಯದ ಬಿಸಿಲು ತಗ್ಗಿತ್ತೇ?

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಮಹನೀಯರೊಬ್ಬರು, "ಸೆಕೆಗೆ ತಕ್ಕ ಬಟ್ಟೆ ತೊಡುತ್ತಾರೆ, ಅದರಲ್ಲೂ ಸಮಾಜಶಾಸ್ತ್ರ ಹುಡುಕಬೇಡಿ" ಎಂದು ಅಪ್ಪಣೆ ಕೊಡಿಸಿದ್ದಾರೆ. ಆಗಲಿ, ಡಚ್ಚರು ಆಳುತ್ತಿದ್ದ ಜಾವಾಕ್ಕೆ ಒಮ್ಮೆ ಹೋಗಿಬರೋಣ.

ಹತ್ತೊಂಬತ್ತನೆಯ ಶತಮಾನದ ಬತಾವಿಯದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಡಚ್ ಅಧಿಕಾರಿಯ ಹೆಂಡತಿ ಬೆಳಗಿನಿಂದ ಸಂಜೆಯ ಸ್ನಾನದವರೆಗೆ ಮನೆಯಲ್ಲಿ ಉಡುತ್ತಿದ್ದದ್ದು ಸರೋಂಗ್ ಮತ್ತು ಕೆಬಾಯ. ಸೊಂಟಕ್ಕೆ ಬಾಟಿಕ್ ಬಟ್ಟೆ, ಅಂದರೆ ಮೇಣದಲ್ಲಿ ಚಿತ್ತಾರ ಬರೆದು ಬಣ್ಣ ಹಾಕಿದ ಬಟ್ಟೆ, ಸುತ್ತಿ, ಲೇಸಿನ ಅಂಚಿನ ತೆಳುವಾದ ಬಿಳಿ ಅಂಗಿ ತೊಟ್ಟು, ಅದರ ಮುಂಭಾಗವನ್ನು ಪಿನ್ನುಗಳಿಂದ ಕೂಡಿಸಿಕೊಂಡರೆ ಮುಗಿಯಿತು, ಸೊಂಟ ಬಿಗಿಯುವ ಕಾರ್ಸೆಟ್ಟಿನ ಹಂಗಿಲ್ಲ. ಜಾವಾದ್ದೇ ಊರಾದ ಪೆಕಲೋಂಗನ್ನಿನಲ್ಲಿ ಎಲಿಜಾ ವಾನ್ ಜೂಯ್ಲೆನ್ ಎಂಬಾಕೆಯ ಕಾರ್ಯಾಗಾರವು ಇಂಥ ಸರೋಂಗುಗಳ ಮೇಲೆ ಯುರೋಪಿನ ಹೂಗೊಂಚಲುಗಳನ್ನು ಮೇಣದಲ್ಲಿ ಬರೆಸಿ, ಒಡತಿಯ ಸಹಿಯನ್ನೂ ಹಾಕಿ ಮಾರುತ್ತಿತ್ತು.

1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹಡಗಿನ ದಾರಿ ಹತ್ತಿರವಾದ ಮೇಲೆ ಹಾಲೆಂಡಿನಿಂದ ನೇರವಾಗಿ ಬರುವ ಹೆಂಗಸರು ಹೆಚ್ಚುತ್ತ ಹೋದರು. 1920ರ ದಶಕದ ಹೊತ್ತಿಗೆ ಯುರೋಪಿಯನ್ ಹೆಂಗಸರು ಫ್ರಾಕಿಗೆ ಬಂದಿದ್ದರು. ಸರೋಂಗ್ ನಾಲ್ಕು ಜನರೆದುರು ಉಡಬಾರದ ಬಟ್ಟೆಯಾಗಿತ್ತು. ಅಷ್ಟರಲ್ಲಿ ಬತಾವಿಯದ ಬಿಸಿಲೇನಾದರೂ ತಗ್ಗಿತ್ತೇ?

ತಗ್ಗಿರಲಿಲ್ಲ. ಜಾವಾದ ಹೆಣ್ಣೂ, ಮಿಶ್ರ ಸಂತಾನದ ಹೆಣ್ಣೂ, ಮದುವೆಯಿಲ್ಲದೆ ಬಿಳಿಯನ ಮನೆ ನಡೆಸುತ್ತಿದ್ದ 'ನ್ಯಾಯಿ'ಯೂ ಉಡುತ್ತಿದ್ದದ್ದು ಅದೇ ಸರೋಂಗನ್ನು. ಹೊಸದಾಗಿ ಬಂದಿಳಿದ ದೊರೆಸಾನಿಗೆ ತಾನು ಅವರ ಸಾಲಿನವಳಲ್ಲವೆಂದು ದೂರದಿಂದಲೇ ತೋರಿಸಬೇಕಿತ್ತು. ಸೆಕೆಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

"ಹೊಸ ಫ್ರಾಕೂ ಹಗುರವೇ ಆಗಿತ್ತಲ್ಲ" ಎನ್ನುವ ಜಾಣರಿದ್ದಾರೆ. ಇದ್ದದ್ದೂ ಹಗುರ, ಬಂದದ್ದೂ ಹಗುರ ಎಂದಮೇಲೆ ಇದ್ದದ್ದನ್ನು ಬಿಟ್ಟದ್ದೇಕೆ ಸ್ವಾಮಿ? ಬಿಸಿಲು ಅರ್ಜಿ ಕೊಟ್ಟಿತ್ತೇ? ಅವರು ಕೈಬಿಟ್ಟ ಕೆಬಾಯ ಸ್ವತಂತ್ರ ಇಂಡೋನೇಷ್ಯಾದಲ್ಲಿ ರಾಷ್ಟ್ರೀಯ ಉಡುಪಾಯಿತು. 2024ರಲ್ಲಿ ಐದು ದೇಶಗಳ ಹೆಸರಿನಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಯನ್ನೂ ಸೇರಿತು. ಆಗಲೂ ಅದೇ ಬಿಸಿಲು! ಮತ್ತೊಮ್ಮೆ ಹೇಳುತ್ತೇನೆ, ಅದೇ ಬಿಸಿಲು!

ಒಪ್ಪಿದವರು ಚಾನೆಲ್ಲಿಗೆ ಚಂದಾದಾರರಾಗಿ. ಒಪ್ಪದವರೂ ಆಗಿ, ಜಗಳಕ್ಕೆ ಜನ ಬೇಕು. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಅದನ್ನು ಆರಿಸಿ, ಈ ಸೆಕೆಯಲ್ಲಿ ಕೋಟು ತೊಟ್ಟು ಕುಳಿತಿದ್ದೇನೆ. ಕೋಟೇಕೆ ಎಂದು ಆ ಮಹನೀಯರು ಕೇಳದಿರಲಿ. ಮೇಜಿನ ಕೆಳಗೆ ಲುಂಗಿಯಿದೆ, ಕ್ಯಾಮೆರಾ ಅಲ್ಲಿಯವರೆಗೆ ಇಳಿಯುವುದಿಲ್ಲ.